ಗಾಸ್ಫರ್ತ್ ಶಿಲುಬೆಯ ಮೇಲಿನ ನಾರ್ಸ್ ದೇವತೆಗಳ ಕುರಿತು

ಇಂಗ್ಲೆಂಡಿನ ಕಂಬ್ರಿಯಾದ ಗಾಸ್ಫರ್ತ್ ಹಳ್ಳಿಯಲ್ಲಿ, ಸೇಂಟ್ ಮೇರಿ ಚರ್ಚಿನ ಅಂಗಳದ ಶಿಲುಬೆಯ ಮೇಲೆ ಕ್ರೈಸ್ತರಲ್ಲದ ನಾರ್ಸ್ ದೇವತೆಗಳು, ಅಂದರೆ ಉತ್ತರ ಯೂರೋಪಿನ ಸ್ಕ್ಯಾಂಡಿನೇವಿಯಾದ ಹಳೆಯ ದೇವತೆಗಳು ಏಕಿದ್ದಾರೆ, ಕಡೆದವರಿಗೆ ಹಳೆಯ ನಂಬಿಕೆಯನ್ನು ಬಿಡಲಾಗಲಿಲ್ಲವೇ ಎಂದು ತಾವು ಕೇಳಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ಸುಮಾರು 4.4 ಮೀಟರ್ ಎತ್ತರದ ಈ ಕೆಂಪು ಮರಳುಗಲ್ಲಿನ ಕಂಬವು, ಸ್ಕ್ಯಾಂಡಿನೇವಿಯಾ ಮೂಲದ ವಲಸಿಗರು ಆ ಕರಾವಳಿಯಲ್ಲಿ ನೆಲೆಸಿ ಕ್ರೈಸ್ತರಾಗುತ್ತಿದ್ದ ಹತ್ತನೆಯ ಶತಮಾನಕ್ಕೆ ಸೇರಿದ್ದು. ಪಶ್ಚಿಮದ ಮುಖದಲ್ಲಿ ನಾರ್ಸ್ ಪುರಾಣದ ಕುಟಿಲ ದೇವತೆ ಲೋಕಿಯನ್ನು ಕಟ್ಟಿಹಾಕಲಾಗಿದೆ. ಅವನ ಮೇಲೆ ತೊಟ್ಟಿಕ್ಕುವ ಹಾವಿನ ವಿಷವನ್ನು ಹೆಂಡತಿ ಸಿಗಿನ್ ಬಟ್ಟಲೊಡ್ಡಿ ಹಿಡಿಯುತ್ತಿದ್ದಾಳೆ. ಪೂರ್ವದ ಮುಖದಲ್ಲಿ, ತೋಳದ ಬಾಯಿಗೆ ಕಾಲಿಟ್ಟು ಅದರ ದವಡೆಯನ್ನು ಸೀಳುವ ವಿದಾರ್ ಎಂಬ ನಾರ್ಸ್ ದೇವತೆಯ ಕೆಳಗೆ ಕ್ರಿಸ್ತನ ಶಿಲುಬೆಯ ಮರಣವಿದೆ. ಅಲ್ಲಿ ನಿಂತ ಹೆಂಗಸಿನ ಉದ್ದ ಜಡೆಯೂ ನೆಲಕ್ಕಿಳಿದ ಉಡುಪೂ ನಾರ್ಸ್ ಮಾದರಿಯವೇ ಎಂಬುದು ಗಮನಾರ್ಹ. ಲೋಕಿ, ವಿದಾರ್ ಇಬ್ಬರೂ ಬರುವ, ಹಳೆಯ ದೇವರುಗಳು ಅಳಿಯುವ ಪ್ರಳಯದ ಕಥೆಯನ್ನು ಕ್ರಿಸ್ತನ ವಿಜಯದ ಪಕ್ಕದಲ್ಲಿಟ್ಟು, ಹೊಸ ಧರ್ಮವನ್ನು ಜನರಿಗೆ ಪರಿಚಿತವಾದ ಚಿತ್ರಗಳಲ್ಲಿಯೇ ತಿಳಿಸಿರುವಂತೆ ಕಾಣುತ್ತದೆ. ಬಹುಪಾಲು ವಿದ್ವಾಂಸರ ಒಲವೂ ಇದೇ ಕಡೆಗಿದೆ. ಮಳೆಗಾಳಿಗೆ ಕೆತ್ತನೆ ಸವೆದಿರುವುದರಿಂದ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಇದರ ಅಚ್ಚಿನ ಪ್ರತಿಯನ್ನೂ ಸಾಧ್ಯವಾದರೆ ನೋಡಿ.