ಸಿಮ್ಯುಲೇಷನ್ ಆಗಾಗ ಹ್ಯಾಂಗ್ ಆಗುತ್ತೆ, ಟೈಮ್‌ಔಟ್ ಹಾಕಿ ರೀಸ್ಟಾರ್ಟ್ ಮಾಡಿದರೆ ಸಾಕಾ?

ದಯವಿಟ್ಟು ಬೇಡ. ರಾತ್ರಿಯಿಡೀ ಓಡುವ ಪ್ರೋಗ್ರಾಂ ಯಾವಾಗಲೋ ಒಮ್ಮೆ ನಿಂತುಬಿಡೋದು, ಕೊಂದು ಮತ್ತೆ ಓಡಿಸಿದರೆ ಏನೂ ಆಗದ ಹಾಗೆ ಮುಗಿಯೋದು, ಇದೇ ಪಾಡು ನನ್ನದೂ ಆಗಿತ್ತು.

ನನ್ನದು ಪ್ರೊಬಿಟ್ ಮಾಡೆಲ್‌ಗೆ (ಉತ್ತರ ಸೊನ್ನೆ ಅಥವಾ 1 ಆಗಿರುವ ಡೇಟಾಗೆ ಬಳಸುವ ಮಾಡೆಲ್) ಬರೆದ ಗಿಬ್ಸ್ ಸ್ಯಾಂಪ್ಲರ್, ಅಂದರೆ ರ‍್ಯಾಂಡಮ್ ಸಂಖ್ಯೆ ಎತ್ತುತ್ತಾ ಅಂದಾಜು ಮಾಡುವ ಪ್ರೋಗ್ರಾಂ. ಹೊರಗಡೆ ಆರ್, ಒಳಗಿನ ಲೂಪ್ ಸಿ ಪ್ಲಸ್ ಪ್ಲಸ್. ಹ್ಯಾಂಗ್ ಆದರೆ ಕಂಟ್ರೋಲ್-ಸಿ ಕೂಡ ಕೇಳುತ್ತಿರಲಿಲ್ಲ (ಒಳಗಿನ ಲೂಪ್ ತಾನಾಗಿ ವಿಚಾರಿಸದಿದ್ದರೆ ಆರ್ ಇಂಟರಪ್ಟನ್ನು ಗಮನಿಸೋದೇ ಇಲ್ಲ). ಸರಿ, ಕಿಲ್ ಮಾಡು, ಮತ್ತೆ ಓಡಿಸು. ತಿಂಗಳುಗಟ್ಟಲೆ ಇದೇ ಕೆಲಸ.

ಎಡವಟ್ಟಾಗಿದ್ದು ಅಲ್ಲೇ. ಸೀಡ್ (ರ‍್ಯಾಂಡಮ್ ಸಂಖ್ಯೆಗಳ ಸರಣಿ ಶುರುವಾಗುವ ಅಂಕಿ) ಬರುತ್ತಿದ್ದದ್ದು ಗಡಿಯಾರದಿಂದ, ಅದನ್ನು ಎಲ್ಲೂ ಬರೆದಿಡುತ್ತಿರಲಿಲ್ಲ. ಪ್ರೋಸೆಸ್ ಕೊಂದ ಕೂಡಲೇ ಆ ಸೀಡೂ ಹೋಯಿತು, ಅದರಿಂದ ಹುಟ್ಟಿದ ಡೇಟಾನೂ ಹೋಯಿತು. ಮತ್ತೆ ಓಡಿಸಿದಾಗ ಬರೋದು ಬೇರೆಯದೇ ಡೇಟಾ, ಅದು ಮುಗಿಯದೆ ಇನ್ನೇನು ಮಾಡುತ್ತೆ? ನಾನು ಸರ್ವರನ್ನು ಬೈದೆ, ಮೆಮೊರಿಯನ್ನು ಬೈದೆ, ಕಂಪೈಲರ್ ಬದಲಾಯಿಸಿದೆ. ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಆ ಹ್ಯಾಂಗ್ ಆದ ಪ್ರೋಸೆಸ್. ಪ್ರತಿ ಸಲ ಮೊದಲು ಅದನ್ನೇ ಕೊಲ್ಲುತ್ತಿದ್ದೆ.

ಕೊನೆಗೊಮ್ಮೆ ಕೊಲ್ಲದೆ ಟಾಪ್ (ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುವ ಕಮಾಂಡ್) ನೋಡಿದೆ. ಸಿಪಿಯು 100%. ಅಂದರೆ ಅದು ಯಾರಿಗೂ ಕಾಯುತ್ತಿಲ್ಲ, ದುಡಿಯುತ್ತಿದೆ. ಜಿಡಿಬಿ ಅನ್ನುವ ಡೀಬಗರ್ ಅಟ್ಯಾಚ್ ಮಾಡಿ ಬ್ಯಾಕ್‌ಟ್ರೇಸ್ (ಕೋಡ್‌ನ ಯಾವ ಸಾಲಿನಲ್ಲಿ ಇದೆ ಅನ್ನುವ ಪಟ್ಟಿ) ತೆಗೆದರೆ ಸಿಕ್ಕಿದ್ದು ಪುಟ್ಟದೊಂದು ವೈಲ್ ಲೂಪ್: ಸೊನ್ನೆಗಿಂತ ದೊಡ್ಡದು ಸಿಗುವವರೆಗೆ ನಾರ್ಮಲ್ ವಿತರಣೆಯಿಂದ ಸಂಖ್ಯೆ ಎತ್ತುತ್ತಲೇ ಇರು (ಡೇಟಾದಲ್ಲಿ 1 ಇರುವ ಕಡೆ ಈ ಮಾಡೆಲ್‌ಗೆ ಅಂಥ ಸಂಖ್ಯೆಯೇ ಬೇಕು). ಆ ವಿತರಣೆಯ ಮೀನ್ ಪ್ರಿಂಟ್ ಮಾಡಿದೆ, ಮೈನಸ್ 7ರ ಆಸುಪಾಸು. ಸ್ಟ್ಯಾಂಡರ್ಡ್ ಡೀವಿಯೇಷನ್ 1. ಮೀನ್ ಮೈನಸ್ 4 ಇದ್ದರೆ ಸರಾಸರಿ 32 ಸಾವಿರ ಸಲ ಎತ್ತಿದರೆ ಒಂದು ಸಿಗುತ್ತೆ. ಮೈನಸ್ 5ಕ್ಕೆ 35 ಲಕ್ಷ, ಮೈನಸ್ 6ಕ್ಕೆ ನೂರು ಕೋಟಿ. ಮೈನಸ್ 7ಕ್ಕೆ ಸುಮಾರು 78 ಸಾವಿರ ಕೋಟಿ! ಹ್ಯಾಂಗೇ ಅಲ್ಲ ಅದು, ಕಾದಿದ್ದರೆ ಮುಂದೆ ಹೋಗುತ್ತಿತ್ತು.

ಈಗ ನಿಮ್ಮ ಟೈಮ್‌ಔಟ್ ವಿಷಯ. ಮಾಡೆಲ್ ಖಂಡಿತ ಸೊನ್ನೆ ಅನ್ನುವ ಕಡೆ ಡೇಟಾದಲ್ಲಿ 1 ಬಂದು ಕೂತಾಗ ಮಾತ್ರ ನನ್ನ ಲೂಪ್ ಸಿಕ್ಕಿಹಾಕಿಕೊಳ್ಳುತ್ತಿತ್ತು, ಅಂದರೆ ಔಟ್‌ಲೈಯರ್ (ಉಳಿದದ್ದಕ್ಕೆ ಹೊಂದದೆ ತೀರಾ ದೂರ ನಿಂತದ್ದು) ಇರುವ ಡೇಟಾದಲ್ಲಿ. ಟೈಮ್‌ಔಟ್ ಅಂಥವನ್ನೇ ಆರಿಸಿ ಎಸೆದು ಹೊಸ ಡೇಟಾ ತುಂಬಿಸುತ್ತಾ ಹೋದರೆ ಉಳಿಯೋದು ಸುಲಭದ ಡೇಟಾ ಅಷ್ಟೇ. ಫಲಿತಾಂಶದ ಟೇಬಲ್‌ನಲ್ಲಿ ನಿಮ್ಮ ವಿಧಾನ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಪ್ರೋಗ್ರಾಂ ರಿಪೇರಿ ಆಗಲಿಲ್ಲ, ಫಲಿತಾಂಶ ಕೆಟ್ಟಿತು.

ಲೂಪ್ ಸರಿಮಾಡೋದು ದೊಡ್ಡ ಕೆಲಸವಲ್ಲ. ವಿತರಣೆಯ ಬಾಲದ ಕಡೆ ನಾರ್ಮಲ್ ಬದಲು ಎಕ್ಸ್‌ಪೊನೆನ್ಷಿಯಲ್‌ನಿಂದ ಸಂಖ್ಯೆ ಎತ್ತಿ, ಪರೀಕ್ಷಿಸಿ ಒಪ್ಪುವ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞ ಕ್ರಿಶ್ಚಿಯನ್ ರಾಬರ್ಟ್ 1995ರಲ್ಲೇ ಕೊಟ್ಟಿದ್ದಾರೆ. ಮೀನ್ ಎಷ್ಟೇ ದೂರ ಹೋಗಲಿ, ಒಂದೆರಡು ಪ್ರಯತ್ನದಲ್ಲಿ ಸಿಗುತ್ತೆ.

ನಿಮ್ಮಲ್ಲಿ ಸಿಪಿಯು ಸೊನ್ನೆ ತೋರಿಸಿದರೆ ಕಥೆ ಬೇರೆ, ಏನಕ್ಕೋ ಕಾಯುತ್ತಾ ಕೂತಿದೆ. ಫೋರ್ಕ್ ಮಾಡಿ (ಪ್ರೋಸೆಸ್‌ನ ಪ್ರತಿಗಳನ್ನು ಹುಟ್ಟಿಸಿ) ಪ್ಯಾರಲಲ್ ಓಡಿಸುತ್ತಿದ್ದರೆ ಮೊದಲು ಓಪನ್‌ಬ್ಲಾಸ್ (ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ) ಥ್ರೆಡ್ ಸಂಖ್ಯೆ 1ಕ್ಕೆ ಇಳಿಸಿ ನೋಡಿ. ಪೈಥಾನ್ ಆದರೆ ಜಿಡಿಬಿ ಬದಲು ಪೈ-ಸ್ಪೈ ಅನ್ನುವ ಟೂಲ್‌ನ ಡಂಪ್ ಕಮಾಂಡ್ ಸಾಕು. ಯಾವುದೇ ಆಗಲಿ, ಪ್ರತಿ ಸುತ್ತಿನ ಮೊದಲು ಸೀಡನ್ನು ಫೈಲಿಗೆ ಬರೆಯಿರಿ, ಮುಂದಿನ ಸಲ ನಿಂತಾಗ ಕೊಲ್ಲದೆ ಬ್ಯಾಕ್‌ಟ್ರೇಸ್ ಮಾತ್ರ ತೆಗೆಯಿರಿ. ಅದನ್ನು ಇಲ್ಲಿ ಹಾಕಿದರೆ ನೋಡುತ್ತೇನೆ.