ಐಫೋನ್ ಫೋಟೋ ಅರ್ಧಕ್ಕೇ ನಿಲ್ಲುತ್ತಿದ್ರೆ ಮೊದಲು ಈ ಸೆಟ್ಟಿಂಗ್ ನೋಡಿಸಿ

ಊರಲ್ಲಿರೋ ಗೆಳೆಯರ ಐಫೋನಿಂದ ವಿಂಡೋಸ್ ಲ್ಯಾಪ್‌ಟಾಪಿಗೆ ಫೋಟೋ ಇಳಿಸುವಾಗ ಒಂದಿಷ್ಟು ಬಂದು, ಡಿವೈಸ್ ಕೆಲಸ ಮಾಡ್ತಿಲ್ಲ ಅಂತ ನಿಂತುಬಿಡುತ್ತೆ, ದೂರದಿಂದಲೇ ಹೇಗೆ ಸರಿಮಾಡಿಸೋದು ಅಂತ ಕೇಳಿದ್ದೀರಿ. ಹೊಸ ಕೇಬಲ್ ತರಿಸೋ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್ ತೆರೆಸಿ (ಐಒಎಸ್ 18ರಿಂದ ಅದು ಆ್ಯಪ್ಸ್ ಒಳಗಿದೆ). ತೀರಾ ಕೆಳಗೆ ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಇರುತ್ತೆ. ಅಲ್ಲಿ ಆಟೋಮ್ಯಾಟಿಕ್ ತೆಗೆದು ‘ಕೀಪ್ ಒರಿಜಿನಲ್ಸ್’ ಆರಿಸಲಿ. ಆಟೋಮ್ಯಾಟಿಕ್ ಇದ್ರೆ ಎಚ್‌ಇಐಸಿ (ಐಫೋನ್ ಫೋಟೋ ಉಳಿಸೋ ಫೈಲ್ ಮಾದರಿ) ಫೋಟೋಗಳನ್ನ ಫೋನು ಕಳಿಸ್ತಾ ಕಳಿಸ್ತಾನೇ ಸಾಮಾನ್ಯ ಜೆಪಿಇಜಿ ಮಾದರಿಗೆ ಬದಲಿಸುತ್ತೆ. ಕೈಕೊಡೋದು ಬಹುಪಾಲು ಅಲ್ಲೇ.

ಲ್ಯಾಪ್‌ಟಾಪ್ ಪರದೆ ನೀವೇ ನೋಡೋಕೆ ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಆ್ಯಪ್ ಸಾಕು: ಕಂಟ್ರೋಲ್, ವಿಂಡೋಸ್, ಕ್ಯೂ ಕೀ ಒಟ್ಟಿಗೆ ಒತ್ತಿದ್ರೆ ತೆರೆಯುತ್ತೆ. ಮೈಕ್ರೋಸಾಫ್ಟ್ ಖಾತೆ ಬೇಕಾಗೋದು ನಿಮಗೆ ಮಾತ್ರ. ಅದರಲ್ಲಿ ನಿಮಗೆ ಸಿಗೋ ಕೋಡಿಗೆ 10 ನಿಮಿಷವಷ್ಟೇ ಆಯಸ್ಸು, ಗೆಳೆಯರ ಜೊತೆ ಕಾಲ್‌ನಲ್ಲಿ ಇದ್ದಾಗಲೇ ಕೊಡಿ. ಐಫೋನ್ ಪರದೆ ನಿಮಗೆ ಕಾಣಲ್ಲ. ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ ಫೋನಲ್ಲಿ ಬರೋ ‘ಟ್ರಸ್ಟ್’ ಅವರೇ ಒತ್ತಬೇಕು.

ಫೋಟೋಸ್ ಸೆಟ್ಟಿಂಗಲ್ಲಿ ‘ಆಪ್ಟಿಮೈಸ್ ಸ್ಟೋರೇಜ್’ ಆನ್ ಇದ್ರೆ ಎಷ್ಟೋ ಮೂಲ ಫೋಟೋಗಳು ಫೋನಲ್ಲೇ ಇರಲ್ಲ, ಆ್ಯಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡಲ್ಲಿ ಇರುತ್ತೆ. ಅವನ್ನ ಐಕ್ಲೌಡ್ ವೆಬ್‌ಸೈಟಿಂದ ಇಳಿಸಿ.

ಇಂಪೋರ್ಟ್ ಆದ್ಮೇಲೆ ಡಿಲೀಟ್ ಮಾಡೋ ಟಿಕ್ ಮಾತ್ರ ಹಾಕಿಸಬೇಡಿ. ಮೊದಲು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಎರಡೂ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಫೈಲ್ ಎಣಿಕೆ ತಾಳೆ ನೋಡಿ. ಐಕ್ಲೌಡ್ ಫೋಟೋಸನ್ನ ಬ್ಯಾಕಪ್ ಅಂತ ನಂಬ್ಕೋಬೇಡಿ: ಫೋನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ, ವಾಪಸ್ ತರೋಕೆ ಇರೋದು 30 ದಿನ.