ಅರ್ಜಿ ಸಾಕು, ಮಾತಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವು. ‘ದೇವರ ಜೊತೆ ಸ್ನೇಹ’ ಎಂಬ ಮಾತನ್ನು ಭಾನುವಾರದ ಬೋಧನೆಯಲ್ಲಿ ಕೇಳಿಸಿಕೊಂಡು, ಸೋಮವಾರದಿಂದ ಅದನ್ನು ಮಾಡುವುದು ಹೇಗೆ ಎಂದು ಕೇಳಿದವರೇ ಹೆಚ್ಚು. ಹೆಸರು ಬಿಟ್ಟು ಊರು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಸ್ಟೀಲ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ವಾರಕ್ಕೊಂದು ಶಿಫ್ಟ್. ಬೆಳಿಗ್ಗೆ 5ಕ್ಕೆ ಎದ್ದು ಪ್ರಾರ್ಥಿಸಬೇಕು ಅಂತ ನಮ್ಮ ಪಾಸ್ಟರ್ ಹೇಳ್ತಾರೆ. ನೈಟ್ ಶಿಫ್ಟ್ ವಾರ ಆ ಹೊತ್ತಿಗೆ ನಾನು ಒಳಗೇ ಇರ್ತೀನಿ. ಎರಡು ಮೂರು ವಾರ ತಪ್ಪಿದ ಮೇಲೆ ಮತ್ತೆ ಶುರು ಮಾಡೋಕೆ ಮುಖ ಇರಲ್ಲ. (ತೋರಣಗಲ್ಲು)

ತಮ್ಮಾ, ಗಡಿಯಾರಕ್ಕೆ ಕಟ್ಟಿದ ಪ್ರಾರ್ಥನೆ ಶಿಫ್ಟ್ ಬದಲಾದ ದಿನವೇ ಹರಿಯುತ್ತದೆ. ಅದನ್ನು ಗಂಟೆಗೆ ಕಟ್ಟಬೇಡಿ, ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಕಟ್ಟಿ. ಸ್ನಾನ ಮುಗಿಸಿ ಊಟಕ್ಕೆ ಕೂರುವ ಮುಂಚೆ ಅಂತಿಟ್ಟುಕೊಳ್ಳಿ. ಯಾವ ಶಿಫ್ಟ್ ಇದ್ದರೂ ಸ್ನಾನ ಇದ್ದೇ ಇರುತ್ತದಲ್ಲ. ಯೇಸು ನಸುಕಿನಲ್ಲಿ ಎದ್ದು ಹೋಗಿದ್ದು ನಿಜ (ಮಾರ್ಕ 1:35). ಆದರೆ ಲೂಕ 6:12ರಲ್ಲಿ ಇಡೀ ರಾತ್ರಿ ಪ್ರಾರ್ಥಿಸುತ್ತಾನೆ, ಮತ್ತಾಯ 14:23ರಲ್ಲಿ ಹೊತ್ತು ಮುಳುಗಿದ ಮೇಲೂ ಬೆಟ್ಟದ ಮೇಲಿದ್ದಾನೆ. ಹೊತ್ತು ಬೇರೆ ಬೇರೆ, ಒಬ್ಬನೇ ಇದ್ದದ್ದು ಮಾತ್ರ ಮೂರರಲ್ಲೂ ಒಂದೇ.

ಸಮಯ 12 ನಿಮಿಷ ಸಾಕು. ಮೊದಲ 2 ನಿಮಿಷ ಇವತ್ತು ಏನಾಯಿತು ಅಂತ ಹೇಳಿ: ಸೂಪರ್‌ವೈಸರ್ ಬೈದದ್ದು, ಕಾಲು ನೋವು, ಬಸ್ಸಿನಲ್ಲಿ ಸಿಕ್ಕ ಹಳೇ ಗೆಳೆಯ, ಏನಿದ್ದರೂ. 5 ನಿಮಿಷ ಸುವಾರ್ತೆಯಲ್ಲಿ (ಯೇಸುವಿನ ಬದುಕಿನ ಕಥೆಯಲ್ಲಿ) ಒಂದೇ ಪ್ರಸಂಗ ಓದಿ, ಎರಡು ಸಲ, ಒಂದು ಸಲ ಬಾಯಿಬಿಟ್ಟು. 4 ನಿಮಿಷ ಓದಿದ್ದರ ಬಗ್ಗೆ ಆತನ ಜೊತೆ ಮಾತು. ಕೊನೆಯ 1 ನಿಮಿಷ ಸುಮ್ಮನೆ. ಬೇಡಿಕೆಗಳೂ ಆ 4 ನಿಮಿಷದ ಒಳಗೇ ಬರಲಿ, ಮೊದಲಿಗೆ ಬೇಡ. ಮೊದಲೇ ಬೇಡಲು ಕೂತರೆ ಉಳಿದದ್ದಕ್ಕೆ ಜಾಗವೇ ಇರುವುದಿಲ್ಲ, ಮುಗಿಯುವಾಗ ತಹಸೀಲ್ದಾರ್ ಕಚೇರಿಯಿಂದ ಹೊರಬಂದ ಹಾಗಿರುತ್ತದೆ.

ಕೆಡುವುದು ಎಲ್ಲಿ ಅಂದರೆ ಉತ್ಸಾಹದಲ್ಲಿ. ಮೊದಲ ವಾರ 45 ನಿಮಿಷ ಕೂರುತ್ತಾರೆ, ಮೂರನೇ ವಾರ ಸೊನ್ನೆ. ಬಿಟ್ಟುಹೋದ ದಿನಗಳ ಲೆಕ್ಕ ಹಿಡಿದು ಬಾಕಿ ತೀರಿಸಲು ಹೋಗುವುದು ಇನ್ನೊಂದು ತಪ್ಪು. ದೇವರು ಮೀಟರ್ ಬಡ್ಡಿ ಸಾಹುಕಾರ ಅಲ್ಲ. ಮೂರು ವಾರ ತಪ್ಪಿದರೆ, ‘ಮೂರು ವಾರ ಬರಲಿಲ್ಲ’ ಅಂತ ಒಂದು ಸಾಲು ಹೇಳಿ ಇವತ್ತಿನ 12 ನಿಮಿಷಕ್ಕೆ ಕೂತುಬಿಡಿ.

ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆಗೆಟ್ಟು ಪ್ರಾರ್ಥಿಸಬೇಡಿ. ಸೋತು ಮಲಗಿದ ಪ್ರವಾದಿ ಎಲೀಯನಿಗೆ ದೂತನು ಬೋಧನೆ ಮಾಡಲಿಲ್ಲ, ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ (1 ಅರಸುಗಳು 19). ದೇವರ ಮೆಲ್ಲನೆಯ ಧ್ವನಿ ಕೇಳಿದ್ದು ಅದೆಲ್ಲ ಆದ ಮೇಲೆ. ಇನ್ನೊಂದು ಮಾತು: ಕ್ರೇನ್, ಕನ್ವೇಯರ್ ಹತ್ತಿರ ಇರುವಾಗ ಕಣ್ಣು ಮುಚ್ಚುವ ಪ್ರಾರ್ಥನೆ ಬೇಡವೇ ಬೇಡ. ಕಣ್ಣು ತೆರೆದು ಒಂದು ಸಾಲು ಮನಸ್ಸಿನಲ್ಲೇ ಹೇಳಿದರೆ ಆಯಿತು.

ಪ್ರಶ್ನೆ: ನಾನು ದೇವರ ಹತ್ತಿರ ಮನೆ ಮಾತಿನಲ್ಲೇ ಮಾತಾಡ್ತೀನಿ. ಸಭೆಯ ಹಿರಿಯರೊಬ್ಬರು ‘ದೇವರು ನಿನ್ನ ಓರಗೆಯವನೇನು? ಭಯ ಭಕ್ತಿ ಬೇಡವಾ?’ ಅಂದರು. (ಗಂಗಾವತಿ)

ಹಿರಿಯರ ಮಾತಿನಲ್ಲಿ ಅರ್ಧ ಸರಿ ಇದೆ, ಅದಕ್ಕೆ ಆಮೇಲೆ ಬರುತ್ತೇವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದವರು. ಆಗಿನಿಂದ ಅನುವಾದ ಎಷ್ಟೋ ಸಲ ತಿದ್ದುಪಡಿ ಕಂಡಿದ್ದರೂ ಅದರ ಗ್ರಾಂಥಿಕ ಧಾಟಿ ನಮ್ಮ ಪ್ರಾರ್ಥನೆಯ ಬಾಯಲ್ಲಿ ಉಳಿದುಬಿಟ್ಟಿದೆ. ‘ದಯಪಾಲಿಸು’, ‘ಅನುಗ್ರಹಿಸು’ ಸಭೆಯಲ್ಲಿ ಎಲ್ಲರೂ ಸೇರಿ ಹೇಳುವಾಗ ಚಂದ. ಒಬ್ಬರೇ ಇರುವಾಗ ಆ ಮಾತುಗಳ ಹಿಂದೆ ಅಡಗಿ ಕೂರುವುದು ಸುಲಭ, ತೊಂದರೆ ಅಲ್ಲಿದೆ. ನೀನು-ನೀವು ಜಗಳವೂ ಬೇಡ. ಕಥೋಲಿಕರು ಕರ್ತನ ಪ್ರಾರ್ಥನೆಯಲ್ಲಿ ‘ನಿಮ್ಮ ರಾಜ್ಯ’ ಎನ್ನುತ್ತಾರೆ, ಪ್ರಾಟೆಸ್ಟೆಂಟ್ ಸಭೆಗಳಲ್ಲಿ ‘ನಿನ್ನ ರಾಜ್ಯ’. ನಿಮ್ಮ ಮನೆಯಲ್ಲಿ ಅಪ್ಪನನ್ನು ಹೇಗೆ ಕರೆಯುತ್ತೀರೋ ಹಾಗೆ ಕರೆಯಿರಿ.

ದಾಸರ ಸೀಮೆಯ ಜನಕ್ಕೆ ಇದು ಹೊಸದೇನಲ್ಲ. ನವವಿಧ ಭಕ್ತಿಯಲ್ಲಿ ದಾಸ್ಯದ ಮುಂದಿನ ಮೆಟ್ಟಿಲೇ ಸಖ್ಯ, ಅಂದರೆ ಗೆಳೆತನ. ಯೋಹಾನ 15:15ರಲ್ಲೂ ಅದೇ ಕ್ರಮ: ಇನ್ನು ನಿಮ್ಮನ್ನು ಆಳುಗಳೆಂದು ಕರೆಯುವುದಿಲ್ಲ, ಸ್ನೇಹಿತರೆಂದು ಕರೆದಿದ್ದೇನೆ ಎನ್ನುತ್ತಾನೆ ಯೇಸು. ವ್ಯತ್ಯಾಸ ಮುಂದಿನ ವಚನದಲ್ಲಿದೆ: ಆರಿಸಿಕೊಂಡವರು ನಾವಲ್ಲ, ಆತ. ಹಿರಿಯರ ಅರ್ಧ ಸರಿ ಇರುವುದು ಹಿಂದಿನ ವಚನದಲ್ಲಿ: ನಾನು ಹೇಳಿದ್ದನ್ನು ಮಾಡಿದರೆ ನೀವು ನನ್ನ ಸ್ನೇಹಿತರು. ಭಯವನ್ನು ಅಳೆಯಬೇಕಾದರೆ ಅಲ್ಲಿ ಅಳೆಯಿರಿ. ಗಂಭೀರ ಭಾಷೆಯಲ್ಲಿ ಪ್ರಾರ್ಥಿಸಿ, ಹತ್ತಿ ತೂಕದಲ್ಲಿ ಮೋಸ ಮಾಡುವವನಿಗೆ ಭಯ ಇದೆ ಎನ್ನಲಾದೀತೇ?

ಪ್ರಶ್ನೆ: ಮದುವೆಯಾಗಿ 9 ವರ್ಷ. ಮಕ್ಕಳಿಲ್ಲ. ಈಗೀಗ ದೇವರ ಮೇಲೆ ಸಿಟ್ಟು ಬರುತ್ತದೆ, ಪ್ರಾರ್ಥನೆಗೆ ಕೂತರೆ ಬಾಯಿ ಬರುವುದಿಲ್ಲ. ‘ಎಲ್ಲೋ ಪಾಪ ಉಳಿದಿದೆ, 21 ದಿನ ಉಪವಾಸ ಹಿಡಿ’ ಅಂತ ಪ್ರಾರ್ಥನಾ ಕೂಟದಲ್ಲಿ ಹೇಳಿದರು. (ಸಿಂಧನೂರು ತಾಲ್ಲೂಕು)

ಅಕ್ಕಾ, ಮೊದಲು ಆ ಕೂಟದವರ ಮಾತು. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನಿಗೆ ಅವನ ಗೆಳೆಯರೂ ಇದನ್ನೇ ಹೇಳಿದ್ದರು. ಅವರು ದೇವರ ಪರವಾಗಿ ವಾದಿಸಿದರು, ಯೋಬ ದೇವರ ಮೇಲೇ ದೂರು ಹೇಳಿದ. ಕೊನೆಗೆ ದೇವರು, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ, ನೀವಲ್ಲ ಎಂದ (ಯೋಬ 42:7). ಹಾಗಾಗಿ ಸಿಟ್ಟು ಬಂದದ್ದಕ್ಕೆ ಸ್ನೇಹ ಮುರಿದಿಲ್ಲ. ಸಿಟ್ಟನ್ನು ಮುಚ್ಚಿಟ್ಟು ‘ಸ್ತೋತ್ರ, ಸ್ತೋತ್ರ’ ಎನ್ನುತ್ತಿದ್ದರೆ ಅದು ಸೊರಗುತ್ತದೆ, ಗಂಡ ಹೆಂಡಿರ ನಡುವೆ ಮಾತು ನಿಂತ ಮನೆಯ ಹಾಗೆ.

ಬಾಯಿ ಬಾರದಿದ್ದಾಗ 13ನೇ ಕೀರ್ತನೆ ತೆಗೆಯಿರಿ. 6 ವಚನ ಅಷ್ಟೆ. ಮೊದಲ 2 ವಚನ ದೂರು, ನಡುವಿನ 2 ಬೇಡಿಕೆ, ಕೊನೆಯ 2 ಭರವಸೆ. ಮೂಲ ಹೀಬ್ರೂದಲ್ಲಿ ದೂರಿನ ಆ 2 ವಚನಗಳಲ್ಲೇ ‘ಎಲ್ಲಿಯವರೆಗೆ’ ಎಂಬುದು 4 ಸಲ ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಇದೇ ಅಳತೆಗೆ ನಿಮ್ಮದನ್ನು ಬರೆಯಿರಿ, ನಿಮ್ಮ ಮಾತಿನಲ್ಲೇ:

‘ಯಪ್ಪಾ, ಈ ತಿಂಗಳ್ದೂ ಹೋತು. ಎಷ್ಟು ದಿನ ಹಿಂಗ? ನಾದಿನಿ ಕೂಸಿನ ತೊಟ್ಲ ಕಾರ್ಯಕ್ಕ ಹೋಗಿ ನಕ್ಕೋತ ಕುಂತು ಬಂದೆ, ನಿನಗ ಕಾಣಲಿಲ್ಲೇನು? ನಂಗ ಸಾಕಾಗ್ಯಾದ.’

ಇಷ್ಟೇ ಬಂದರೆ ಇಷ್ಟಕ್ಕೇ ನಿಲ್ಲಿಸಿ. ಭರವಸೆಯ 2 ವಚನಗಳಿಗೆ ಜಿಗಿಯಲೇಬೇಕೆಂದಿಲ್ಲ. ಅವು ಬರಲು ವಾರ ಹಿಡಿಯಬಹುದು, ವರ್ಷವೂ ಹಿಡಿಯಬಹುದು. 88ನೇ ಕೀರ್ತನೆಯಂತೂ ಅಲ್ಲಿಗೆ ತಲುಪುವುದೇ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದು ಬೈಬಲಿನಲ್ಲಿದೆ, ಪ್ರಾರ್ಥನೆಯೆಂದೇ ಇದೆ. ಬರೆದದ್ದನ್ನು ಬಾಯಿಬಿಟ್ಟು ಒಂದು ಸಲ ಓದಿ, ನೋಟ್‌ಬುಕ್ ಯಾರ ಕೈಗೂ ಸಿಗದಂತೆ ಇಡಿ. ಬೇರೆಯವರು ಓದುತ್ತಾರೆಂಬ ಅನುಮಾನ ಬಂದರೆ ಪೆನ್ನು ಸುಳ್ಳು ಹೇಳಲು ಶುರು ಮಾಡುತ್ತದೆ.

ಉಪವಾಸದ ಬಗ್ಗೆ ನೇರವಾಗಿ ಹೇಳುತ್ತೇವೆ: ಬೇಡ. ಚಿಕಿತ್ಸೆಯ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬೇಡ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ನೀರೂ ಬಿಟ್ಟು ಕೂರುವುದು ಭಕ್ತಿ ಅಲ್ಲ, ಅಪಾಯ. ಪರೀಕ್ಷೆ ನಿಮ್ಮೊಬ್ಬರದೇ ಆಗಿದ್ದರೆ ಯಜಮಾನರದೂ ಆಗಲಿ. ವೀರ್ಯ ಪರೀಕ್ಷೆ ಸುಲಭದ್ದು, ಮೊದಲೇ ಮಾಡಿಸಬೇಕಾದದ್ದು. ಎಷ್ಟೋ ಮನೆಗಳಲ್ಲಿ ಅದೊಂದು ಬಿಟ್ಟು ಉಳಿದದ್ದೆಲ್ಲ ಆಗಿರುತ್ತದೆ.

ಪ್ರಶ್ನೆ: ‘ದೇವರು ನನಗೆ ಹೇಳಿದ, ನೀನು ಆ ಪ್ಲಾಟ್ ಮಾರಿ ಸೇವೆಗೆ ಕೊಡಬೇಕು’ ಅಂತ ಒಬ್ಬರು ಹೇಳುತ್ತಿದ್ದಾರೆ. ದೇವರ ಧ್ವನಿ ಅಂತ ಗುರುತಿಸುವುದು ಹೇಗೆ? (ರಾಯಚೂರು)

ಮಾರಬೇಡಿ. ಪ್ರವಾದನೆಯನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಎಂದಿದೆ (1 ಥೆಸಲೋನಿಕ 5:20-21). ಹೇಳಿದವರಿಗೇ ಆ ದುಡ್ಡಿನಿಂದ ಲಾಭವೇ? ಇವತ್ತೇ ಆಗಬೇಕು ಎಂದು ಅವಸರ ಮಾಡುತ್ತಾರೆಯೇ? ಮನೆಯವರಿಗೆ ಹೇಳಬೇಡ ಎನ್ನುತ್ತಾರೆಯೇ? ಮೂರರಲ್ಲಿ ಒಂದಕ್ಕೆ ಹೌದು ಅಂತ ಬಂದರೂ ಮಾತು ಅಲ್ಲಿಗೇ ಮುಗಿಸಿ. ನಿಮ್ಮನ್ನು ಸ್ನೇಹಿತ ಎಂದು ಕರೆದವನು ನಿಮಗೆ ಹೇಳಬೇಕಾದ್ದನ್ನು ನಿಮಗೂ ಹೇಳಬಲ್ಲ.

ಪ್ರಶ್ನೆ: ಪ್ರತಿ ಜನವರಿ ಆದಿಕಾಂಡದಿಂದ ಬೈಬಲ್ ಓದಲು ಶುರು ಮಾಡಿ ಯಾಜಕಕಾಂಡದಲ್ಲಿ ನಿಲ್ಲುತ್ತೇನೆ. (ಹಟ್ಟಿ)

ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಪರಿಚಯವೇ ಇಲ್ಲದವನ ಮನೆಯ ಕಾಗದಪತ್ರ ಮೊದಲು ಓದಿದರೆ ಬೇಜಾರು ಬರದೆ ಇದ್ದೀತೇ? ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, 16 ಅಧ್ಯಾಯ. ದಿನಕ್ಕೆ ಅಧ್ಯಾಯ ಬೇಡ, ಒಂದು ಪ್ರಸಂಗ ಸಾಕು.

ಉದಾಹರಣೆಗೆ 10:46-52, ಬಾರ್ತಿಮಾಯ. 7 ವಚನ. ಕುರುಡ ಕೂಗುತ್ತಾನೆ, ಜನ ಗದರಿಸುತ್ತಾರೆ, ಯೇಸು ನಿಲ್ಲುತ್ತಾನೆ. ಭಿಕ್ಷುಕ ಮೈಮೇಲಿನ ಬಟ್ಟೆ ಬಿಸಾಡಿ ಎದ್ದು ಬರುತ್ತಾನೆ. ಕುರುಡ ಅಂತ ಕಣ್ಣಿಗೆ ಕಾಣುತ್ತಿದ್ದರೂ ಯೇಸು ಕೇಳುತ್ತಾನೆ: ನಾನು ನಿನಗೆ ಏನು ಮಾಡಬೇಕು? ಈಗ ಅದೇ ಅಧ್ಯಾಯದ 36ನೇ ವಚನಕ್ಕೆ ಹಿಂದೆ ಹೋಗಿ. ಶಿಷ್ಯರಾದ ಯಾಕೋಬ, ಯೋಹಾನರಿಗೂ ಇದೇ ಪ್ರಶ್ನೆ. ಅವರು ಕೇಳಿದ್ದು ಆತನ ಎಡಬಲದ ಕುರ್ಚಿ. ಒಂದೇ ಪ್ರಶ್ನೆ, ಎರಡು ಉತ್ತರ. ಅಲ್ಲಿ ಪುಸ್ತಕ ಮಡಚಿ, ಅದೇ ಪ್ರಶ್ನೆಗೆ ನಿಮ್ಮ ಉತ್ತರ ಕೊಡಿ. ಚಂದದ್ದಲ್ಲ, ನಿಜವಾದದ್ದು. ಕುರ್ಚಿಯೇ ಬೇಕಿದ್ದರೆ ಕುರ್ಚಿ ಎಂದೇ ಹೇಳಿ. ಆತ ಆ ಇಬ್ಬರನ್ನೂ ಹೊರಗೆ ಕಳಿಸಲಿಲ್ಲ, ಕೂಡಿಸಿಕೊಂಡು ಮಾತಾಡಿದ.

ಫೋನಿನಲ್ಲಿ ಓದುವುದಾದರೆ ಡೇಟಾ ಆಫ್ ಮಾಡಿ. ಅಚ್ಚಿನ ಪುಸ್ತಕ ಇನ್ನೂ ಒಳ್ಳೆಯದು.

ಪ್ರಶ್ನೆ: ಕಣ್ಣು ಮುಚ್ಚಿದ ಕೂಡಲೇ ಗ್ಯಾಸ್ ಸಿಲಿಂಡರ್, ಸಂಘದ ಕಂತು, ನಳ ಬಂತೋ ಇಲ್ಲವೋ, ಇದೇ ತಲೆಯಲ್ಲಿ. (ಬಳ್ಳಾರಿ)

ಸ್ಪೇನಿನ ಸನ್ಯಾಸಿನಿ ಅವಿಲಾದ ತೆರೇಸಾ (1515-1582) ಪ್ರಾರ್ಥನೆಯನ್ನು ಸ್ನೇಹಿತರ ಮಾತುಕತೆ ಎಂದು ಕರೆದವರು. ಅವರೇ, ಎಷ್ಟೋ ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ ಅಂತ ಬರೆದುಕೊಂಡಿದ್ದಾರೆ. ನೀವು ಒಬ್ಬರೇ ಅಲ್ಲ.

ಪಕ್ಕದಲ್ಲಿ ಒಂದು ಚೀಟಿ, ಪೆನ್ನು ಇಟ್ಟುಕೊಳ್ಳಿ. ನೆನಪಾದದ್ದನ್ನು ಒಂದು ಪದದಲ್ಲಿ ಬರೆದು ಮುಂದುವರಿಯಿರಿ. ಅದೇ ವಿಷಯ ಮೂರು ಸಲ ಬಂದರೆ ಅದು ಅಡ್ಡಿ ಅಲ್ಲ, ಇವತ್ತಿನ ಪ್ರಾರ್ಥನೆಯೇ ಅದು: ಸಂಘದ ಕಂತಿಗೆ 600 ಕಡಿಮೆ ಬಿದ್ದಿದ್ದರೆ ಕೂತು ಅದರ ಬಗ್ಗೆಯೇ ಮಾತಾಡಿ. ಇನ್ನು ನಳ ಬಂದರೆ ಎದ್ದು ನೀರು ಹಿಡಿಯಿರಿ. ಕೊಡ ತುಂಬುವಾಗ ನಿಂತುಕೊಂಡೇ ಉಳಿದದ್ದು ಹೇಳಿ.